ಗಿಟಾರಿನ ನಡುವೆ ಮೂರು ಸೀಟಿ

ಭಕ್ತರನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ದೇವರನ್ನೇ ಕಾಣದೆ ದೇವರ ಮೈಮೇಲಿನ ಮಚ್ಚೆ ಎಣಿಸುವ ಭಕ್ತರನ್ನು ಸಹಿಸುವುದು ಕಷ್ಟ. ಅಂಥವರೊಬ್ಬರ ಜೊತೆ ನಾನು ಪುಣೆಯಲ್ಲಿ ಸಂಸಾರ ಮಾಡುತ್ತ ಬಂದಿದ್ದೇನೆ. ನಮ್ಮ ಯಜಮಾನರ ದೇವರು ಅಂದರೆ ಉದ್ದ ಕೂದಲಿನ ನಾಲ್ಕು ಜನ ಇಂಗ್ಲಿಷರು. ನಮ್ಮ ಮದುವೆಯಾಗುವ ಹೊತ್ತಿಗೇ ಅವರು ಜಗಳಾಡಿಕೊಂಡು ಬ್ಯಾಂಡ್ ಒಡೆದು ಬೇರೆಯಾಗಿದ್ದರು. ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದರೆ ಯಾವನಾದರೂ ಭಕ್ತ ನನ್ನ ತಪ್ಪು ತಿದ್ದಲು ಮನೆಗೇ ಬಂದಾನು, ಬಂದವನಿಗೆ ನಾನೇ ಚಹಾ ಮಾಡಬೇಕಾದೀತು.

ತೊಂಬತ್ತರ ದಶಕದಲ್ಲಿ ಪ್ರತಿ ಭಾನುವಾರ ನಮ್ಮ ಹಾಲಿನಲ್ಲಿ ಬೈಠಕ್ ನಡೆಯುತ್ತಿತ್ತು. ಯಜಮಾನರು, ಅವರ ಗೆಳೆಯ ಕುಲಕರ್ಣಿ, ಇನ್ನು ಮೂರು ನಾಲ್ಕು ಮಂದಿ. ಎಲ್ಲರೂ ಧಾರವಾಡದ ಕಡೆಯವರು, ಹಿಂದುಸ್ತಾನಿ ಸಂಗೀತ ಕೇಳಿ ಬೆಳೆದ ಕಿವಿಗಳು. ರಾಕ್ ಮ್ಯೂಸಿಕ್ ಅಂದರೆ ಎದ್ದು ನಿಂತು ತಲೆ ಕೊಡವಬೇಕು ಎಂದು ನಾನು ಕೇಳಿದ್ದೆ. ಇವರು ಜಮಖಾನ ಹಾಸಿ, ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂಡುತ್ತಿದ್ದರು. ಡ್ರಮ್ಮರ್ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ, ಬಂದು ಇಳಿದರೆ ತೊಡೆಗೆ ಏಟು. ಗಿಟಾರ್ ಕಿರುಚಿದರೆ "ವಾಹ್" ಎಂದು ಕೈ ಮೇಲೆತ್ತುವುದು. ನಡುವೆ ಅವಲಕ್ಕಿ.

ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಪಿಯಾನೋ ಕಲಿತವಳು, ಕಾಯರ್‌ನಲ್ಲಿ ಹಾಡಿದವಳು. ಪಾಶ್ಚಾತ್ಯ ಸಂಗೀತದ ಓದು ಬರಹ ಆ ಮನೆಯಲ್ಲಿ ಬರುತ್ತಿದ್ದದ್ದು ನನಗೊಬ್ಬಳಿಗೇ. ನನ್ನ ಪಾಲಿಗೆ ಬಂದದ್ದು ಆ ಅವಲಕ್ಕಿ. ಒಮ್ಮೆ ಮಾತ್ರ ಕರೆದು, ಹಾಡಿನ ಶಬ್ದ ತಿಳಿಯುತ್ತಿಲ್ಲ, ಬರೆದುಕೊಡು ಎಂದರು. ಕೇಳಿ ಬರೆದೆ. ಬಾಗಿಲು ತೆಗೆ ಎಂದು ಒಬ್ಬ ಗಂಡಸು ಒಂದು ಹುಡುಗಿಯನ್ನು ಏಳು ನಿಮಿಷ ಗೋಗರೆಯುತ್ತಾನೆ, ಅಷ್ಟೇ ಎಂದೆ. ಅವರಿಗೆ ಭಾಳ ಬೇಸರವಾಯಿತು. ಅದರೊಳಗೆ ಅಧ್ಯಾತ್ಮ ಇದೆ ಎಂದು ಅವರು ಎಷ್ಟೋ ವರ್ಷಗಳಿಂದ ನಂಬಿಕೊಂಡಿದ್ದರು. ಆಮೇಲೆ ನನ್ನನ್ನು ಕರೆಯಲಿಲ್ಲ.

ಅವರ ಮತದಲ್ಲಿ ಸ್ಟುಡಿಯೋ ರೆಕಾರ್ಡಿಗೆ ಬೆಲೆಯೇ ಇಲ್ಲ. "ಸ್ಟುಡಿಯೋ ಅಂದರ ಫೋಟೋಕ್ಕ ಹಾಕಿದ ಹಾರ," ಎನ್ನುತ್ತಿದ್ದರು ಯಜಮಾನರು. "ಲೈವ್ ಅಂದರ ಆ ಜಾಗಾದ ಗಾಳಿನೂ ಬಂದಿರತದ." ಆ ಜಾಗಗಳನ್ನು ಇವರಾರೂ ಕಂಡಿರಲಿಲ್ಲ, ಸಮುದ್ರ ಅಂತ ನೋಡಿದ್ದು ಗೋವಾದಲ್ಲಿ. ಆದರೆ ಯಾವ ಊರಿನ ಕಚೇರಿಯಲ್ಲಿ ಯಾವ ಹಾಡಿನ ನಡುವೆ ಯಾರೋ ಕೆಮ್ಮಿದರು, ಯಾವ ಸಂಜೆ ಡ್ರಮ್ಮರ್‌ಗೆ ಜ್ವರವಿತ್ತು, ಎಲ್ಲವೂ ಬಾಯಿಪಾಠ. ನನಗೆ ಟೈಫಾಯ್ಡ್ ಆದಾಗ ಜ್ವರ ಎಷ್ಟಿತ್ತು ಎಂದು ಡಾಕ್ಟರು ಕೇಳಿದರೆ ಇದೇ ಮನುಷ್ಯ ನನ್ನ ಮುಖ ನೋಡಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ತೊಂಬತ್ತಮೂರರಲ್ಲಿ ಕುಲಕರ್ಣಿಯವರ ಹುಬ್ಬಳ್ಳಿಯ ಭಾವಮೈದುನ ಪುಣೆಗೆ ಬಂದರು. ಅವರು ಹಡಗಿನಲ್ಲಿ ನೌಕರಿಗಿದ್ದವರು, ಎಲ್ಲೋ ಒಂದು ಬಂದರಿನಲ್ಲಿ ಆ ಬ್ಯಾಂಡಿನ ಒಂದು ಲೈವ್ ಕ್ಯಾಸೆಟ್ ಸಂಪಾದಿಸಿದ್ದರು. ಭಾರತದಲ್ಲಿ ಅದೊಂದೇ ಇದ್ದದ್ದು ಎಂದು ಇವರ ಲೆಕ್ಕ. ಸಂಜೆ ಕಾತ್ರಜದಿಂದ ಅವರ ಬಸ್ಸು. ಅಷ್ಟರೊಳಗೆ ಕಾಪಿ ಆಗಬೇಕು. ಎರಡು ಟೇಪ್ ರೆಕಾರ್ಡರ್ ತಂದರು, ಜೋಡಿಸುವ ವೈರು ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಎರಡನ್ನೂ ಮದುವೆಯ ಗಂಡುಹೆಣ್ಣಿನ ಹಾಗೆ ಎದುರುಬದುರು ಕೂರಿಸಿ, ಒಂದು ಹಾಡುವುದು, ಇನ್ನೊಂದು ತನ್ನ ಮೈಕಿನಿಂದ ಕೇಳಿಸಿಕೊಳ್ಳುವುದು ಎಂದಾಯಿತು. ಫ್ಯಾನ್ ಬಂದ್, ಕಿಟಕಿ ಬಂದ್. ಕರೆಗಂಟೆಯ ಸ್ವಿಚ್ಚಿಗೆ ಅರಿವೆ ಸುತ್ತಿದರು. ಉಸಿರು ಸಣ್ಣಗೆ ಬಿಡಬೇಕೆಂದು ಅಪ್ಪಣೆಯಾಯಿತು.

ಎಲ್ಲರನ್ನೂ ಸುಮ್ಮನಾಗಿಸಿದವರು ಅಡಿಗೆಮನೆಯಲ್ಲಿ ಒಬ್ಬಳಿದ್ದಾಳೆ ಎಂಬುದನ್ನು ಮರೆತರು. ಕುಲಕರ್ಣಿಯವರ ಭಾವಮೈದುನ ಊಟ ಮಾಡಿ ಬಸ್ ಹತ್ತಬೇಕೆಂದು ನಾನು ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟಿದ್ದೆ. ಗಿಟಾರಿನವನು ಡ್ರಮ್ಮಿನ ಜೊತೆ ತಾನಕ್ಕೆ ಇಳಿದ ಹೊತ್ತಿಗೆ ಸರಿಯಾಗಿ ಅದು ಮೂರು ಸಲ ಕೂಗಿತು. ನಾನು ಓಡಿಹೋಗಿ ಗ್ಯಾಸ್ ಆರಿಸಿದೆ. ಹಾಲಿನಿಂದ ಬೈಗುಳ ಬರಲಿಲ್ಲ, "ವಾಹ್" ಎಂದು ಕುಲಕರ್ಣಿಯವರ ದನಿ ಬಂತು. ಗಿಟಾರಿನದೇ ಕೂಗು ಎಂದುಕೊಂಡಿದ್ದರು, ಮೂರನೆಯದು ಸಮ್‌ಗೇ ಬಂದು ಕೂತಿತ್ತಂತೆ. ಭಾವಮೈದುನರ ಮೂಲ ಕ್ಯಾಸೆಟ್ಟನ್ನು ಮುಂದಿನ ಮಳೆಗಾಲದಲ್ಲಿ ಅವರ ಮಷೀನೇ ನುಂಗಿತು. ಉಳಿದದ್ದು ನಮ್ಮದೊಂದೇ.

ಆ ಕ್ಯಾಸೆಟ್ಟಿನ ಮಕ್ಕಳು ಮೊಮ್ಮಕ್ಕಳು ಪುಣೆಯ ತುಂಬ ಹಬ್ಬಿದವು. 'ಪೂನಾ ವರ್ಷನ್' ಎಂದು ಹೆಸರಾಯಿತು. ಬೇರೆಲ್ಲೂ ಇಲ್ಲದ ಆ ಮೂರು ಸೀಟಿಗಳನ್ನು ಗಿಟಾರಿನವನು ತಂತಿಯಿಂದ ತೆಗೆದನೋ, ಸ್ಪೀಕರ್ ಎದುರು ನಿಂತು ತೆಗೆದನೋ ಎಂದು ವಾದಿಸಿ ಇಬ್ಬರು ಮಾತು ಬಿಟ್ಟರು. ಯಜಮಾನರು ಚಾಕಣದ ಕಡೆ ಒಂದು ಬೇರಿಂಗ್ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ತಿರುಗುವ ಬೇರಿಂಗಿನ ಸದ್ದು ಕೇಳಿಯೇ ದೋಷ ಹೇಳುವರು ಎಂಬ ಕೀರ್ತಿ. ಅಂಥ ಕಿವಿಗೆ ಕುಕ್ಕರ್ ತಿಳಿಯಲಿಲ್ಲವಲ್ಲ ಎಂದು ನಾನು ಪಲ್ಲೆ ಹೆಚ್ಚುತ್ತ ಒಬ್ಬಳೇ ನಗುತ್ತಿದ್ದೆ. ಹೇಳಲಿಲ್ಲ. ರಿಟೈರ್ ಆದ ಮೇಲೆ ಆ ಮನುಷ್ಯನಿಗೆ ಉಳಿದ ಮಾನಮರ್ಯಾದೆಯೆಲ್ಲ ಆ ಕ್ಯಾಸೆಟ್ಟಿನಲ್ಲೇ ಇತ್ತು.

ಹದಿಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಪುಣೆಯ ವಾಕಡದಲ್ಲಿ ಐಟಿ ಹುಡುಗರೆಲ್ಲ ಸೇರಿ ಒಂದು ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಯಜಮಾನರಿಗೆ ಸನ್ಮಾನ ಇಟ್ಟುಕೊಂಡರು. ಶಾಲು, ತೆಂಗಿನಕಾಯಿ, ಎಲ್ಲ. ನಡೆಸಿದವನು ನಿಖಿಲ್ ಎಂಬ ಬೆಂಗಳೂರಿನ ಇಂಜಿನಿಯರ್, ತುಂಬ ವೆಲ್ ಬಿಹೇವ್ಡ್. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿ ತೊಳೆದಿದ್ದೇನೆ ಎಂದು ಹೇಳಿ, ಮೊದಲಿನದನ್ನೂ ತೊಳೆದದ್ದನ್ನೂ ಕೇಳಿಸಿದ. ತೊಳೆದದ್ದರಲ್ಲಿ ಸೀಟಿ ಇರಲಿಲ್ಲ. ಎಲ್ಲರ ಕೈಗಳು ಅರ್ಧ ಎದ್ದು ಅಲ್ಲೇ ನಿಂತವು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ," ಎಂದ ನಿಖಿಲ್. "ನಂಗೇನೋ ಅದು ಪ್ರೆಷರ್ ಕುಕ್ಕರ್ ಅನ್ಸುತ್ತೆ."

ಯಜಮಾನರು ಹೆಗಲ ಮೇಲಿನ ಶಾಲನ್ನು ಸುಮ್ಮನೆ ಸರಿಮಾಡಿಕೊಂಡರು. ಜಾರದ ಶಾಲನ್ನು ಮತ್ತೊಮ್ಮೆ ಸರಿಮಾಡಿಕೊಂಡರು. ಕುಲಕರ್ಣಿ ನನ್ನ ಕಡೆ ತಿರುಗಿ, "ವೈನಿ, ನೀವ ಹೇಳ್ರಿ," ಎಂದರು. ಇಪ್ಪತ್ತು ತಲೆಗಳು ತಿರುಗಿದವು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಇಷ್ಟು ವರ್ಷದಲ್ಲಿ ಆ ಸಂಗೀತದ ಬಗ್ಗೆ ಮೊದಲ ಬಾರಿಗೆ ನನ್ನ ಅಭಿಪ್ರಾಯ ಕೇಳಿದರು, ಅದೂ ಕುಕ್ಕರ್ ತಜ್ಞೆ ಎಂದು.

ನಿಜ ಹೇಳಿದ್ದರೆ ಅವಲಕ್ಕಿಯ ಲೆಕ್ಕವೆಲ್ಲ ಅಂದೇ ತೀರುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವರು ಮೂರನೆಯ ಸಲ ಶಾಲು ಸರಿಮಾಡಿಕೊಳ್ಳುವುದು ಕಾಣಿಸಿತು. ಎದ್ದು ನಿಂತು, "ನೋ, ದಟ್ ಈಸ್ ಡೆಫಿನಿಟ್ಲಿ ನಾಟ್ ಎ ಕುಕ್ಕರ್. ಮೂವತ್ತು ವರ್ಷ ಕುಕ್ಕರ್ ಕೇಳೀನಿ, ಅದು ಹಿಂಗ ಹಾಡಂಗಿಲ್ಲ," ಎಂದೆ. ಸುಳ್ಳಿಗೆ ಇಂಗ್ಲಿಷೇ ಅನುಕೂಲ. ಅದನ್ನು ಕಲಿಸಿದ ಸಿಸ್ಟರ್‌ಗಳೇ ಸುಳ್ಳು ಹೇಳಬೇಡ ಎಂದೂ ಕಲಿಸಿದ್ದರು ಎಂಬುದು ಬೇರೆ ಮಾತು. ಚಪ್ಪಾಳೆ ಬಿತ್ತು. ನಿಖಿಲ್ ಸಾರಿ ಕೇಳಿದ.

ವಾಪಸ್ ಬರುವಾಗ ರಿಕ್ಷಾದಲ್ಲಿ ತೆಂಗಿನಕಾಯಿ ನನ್ನ ಮಡಿಲಲ್ಲಿತ್ತು. ಇವರು ಹೊರಗೆ ನೋಡುತ್ತಲೇ ಕೇಳಿದರು: "ತೊಗರಿಬ್ಯಾಳಿ ಇತ್ತಲ್ಲ ಅವತ್ತು?"

ನಾನು ತೆಂಗಿನಕಾಯಿಯನ್ನು ಮಡಿಲಲ್ಲೇ ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ.

"ಮೊದಲನೇ ಸೀಟಿಗೇ ಗೊತ್ತಾಗಿತ್ತು. ಆದರ ಕುಲಕರ್ಣಿ ವಾಹ್ ಅಂದ ಬಿಟ್ಟಿದ್ದ. ಆಮ್ಯಾಲೆ ಹೆಂಗ ಹೇಳೂದು?"

ಹದಿಮೂರು ವರ್ಷ ನಾನು ಅವರ ಮಾನ ಕಾಯುತ್ತಿದ್ದೆ ಎಂದುಕೊಂಡಿದ್ದೆ. ಅವರು ಕುಲಕರ್ಣಿಯದನ್ನು ಕಾಯುತ್ತಿದ್ದರು. ಕುಲಕರ್ಣಿ ಯಾರದನ್ನು ಕಾಯುತ್ತಿದ್ದರೋ ಕೇಳಲು ಧೈರ್ಯವಾಗಲಿಲ್ಲ.

ಮರುವಾರ ನಿಖಿಲ್ ತೊಳೆದ ಸಿಡಿಯನ್ನು ಕಳಿಸಿಕೊಟ್ಟ. ಯಜಮಾನರು ಹೊರಗೆ ಹೋಗಿದ್ದಾಗ ಒಬ್ಬಳೇ ಜಮಖಾನದ ಮೇಲೆ ಕೂತು ಹಾಕಿದೆ. ಗಿಟಾರಿನವನು ಬಂದ, ಏರಿದ, ಆ ಜಾಗ ಬಂತು. ಏನೂ ಇಲ್ಲ. ಒಗ್ಗರಣೆ ಮರೆತ ಸಾರಿನ ಹಾಗೆ ಸಪ್ಪಗೆ ಮುಂದೆ ಹೋದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಫೋನ್ ಎತ್ತಿ ಆ ಹುಡುಗನಿಗೆ, ಲೈವ್ ಅಂದಮೇಲೆ ಆ ಜಾಗದ ಗಾಳಿ ಇರಬೇಕಪ್ಪ, ಹಾಗೆಲ್ಲ ತೊಳೆಯಬಾರದು ಎಂದು ಅರ್ಧ ಗಂಟೆ ಹೇಳಿದೆ. ಅವನು ಪಾಪ, ಯೆಸ್ ಆಂಟಿ, ಯೆಸ್ ಆಂಟಿ ಅನ್ನುತ್ತಿದ್ದ.

ಫೋನ್ ಇಡುವಾಗ ಒಳಗೆ ಹೊಸ ಕುಕ್ಕರ್ ಕೂಗಿತು. ಕಣ್ಣು ಮುಚ್ಚಿ ಕೇಳಿದೆ. ಪರವಾಗಿಲ್ಲ, ಶ್ರುತಿ ಶುದ್ಧವಾಗಿದೆ. ಆದರೆ ತೊಂಬತ್ತಮೂರರ ಆ ಪರ್ಫಾರ್ಮೆನ್ಸೇ ಬೇರೆ.