ಹರಾಜಿನಲ್ಲಿ ಸಿಕ್ಕ ಹದಿನೇಳು

ಹಳೇ ಸ್ಕೂಟರಿನ ಬೆಲೆಗೆ ಮನೆ ಸಿಗುತ್ತದೆಂದರೆ ಯಾರ ತಲೆ ತಾನೇ ಇದ್ದಲ್ಲಿ ಇರುತ್ತದೆ? ಗಡಿಯಾರ ರಿಪೇರಿ ಮಾಡುವ ನಮ್ಮ ಗಡಿಯಾರಯ್ಯನದೂ ಇರಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಅರ್ಧ ಊರು ಗಂಟುಮೂಟೆ ಕಟ್ಟಿತ್ತು. ದಿಕ್ಕಿಲ್ಲದ ಮನೆಗಳನ್ನು ನಗರಸಭೆ ಮಿಲ್ಲಿನ ಗೇಟಿನ ಮುಂದೆ ಹರಾಜಿಗಿಟ್ಟಿತು. ಗಡಿಯಾರಯ್ಯ ಕೈಯೆತ್ತಿದ. ಬೇರೆ ಯಾರೂ ಎತ್ತಲಿಲ್ಲ. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು, ಬಂದದ್ದು ಖುಷಿ.

"ಮಿಲ್ ರಸ್ತೆ, ನಂಬರ್ ಹದಿನೇಳು," ಎಂದು ಗುಮಾಸ್ತರು ತುಕ್ಕು ಹಿಡಿದ ಕೀಲಿಕೈ ಕೊಟ್ಟರು. "ಹಿತ್ತಲ ಬಾಗಿಲಿಂದು. ಇವತ್ತು ಸಂಜೆ ಐದರೊಳಗೆ ಒಳಗೆ ಕಾಲಿಟ್ಟು ಸ್ವಾಧೀನಪತ್ರಕ್ಕೆ ಸಹಿ ಹಾಕ್ಬೇಕು. ಇಲ್ಲಾಂದ್ರೆ ಮನೆನೂ ಇಲ್ಲ, ದುಡ್ಡೂ ಇಲ್ಲ."

ಫೋನಿನಲ್ಲಿ ಸುದ್ದಿ ಕೇಳಿದ ಹೆಂಡತಿ, ಬಾಡಿಗೆ ಮನೆಯ ಮಾಲೀಕನಿಗೆ ಹನ್ನೆರಡು ವರ್ಷ ನುಂಗಿಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಕಕ್ಕಿ, ಸಾಮಾನನ್ನು ಲಗೇಜ್ ಆಟೋಗೆ ಹೇರಿಕೊಂಡು ಬಂದೇಬಿಟ್ಟಳು. ಇನ್ನು ವಾಪಸ್ ಹೋಗುವ ಮುಖವಿರಲಿಲ್ಲ.

ಮಿಲ್ ರಸ್ತೆಯಲ್ಲಿ ಮೊದಲ ಮನೆ ಐದು. ಪಕ್ಕದ್ದು ಮೂವತ್ತೊಂದು. ಅದರಾಚೆ ಎಂಟು, ಆಮೇಲೆ ನಲವತ್ತು. ಗಡಿಯಾರಯ್ಯ ಕನ್ನಡಕ ಒರೆಸಿಕೊಂಡ. ನಂಬರುಗಳು ಒರೆಸಿದರೂ ಹಾಗೇ ಇದ್ದವು. ಕೊನೆಗೂ ಒಂದು ಗೇಟಿನ ಮೇಲೆ ಹದಿನೇಳು ಕಂಡಿತು. ಒಳಗಿಂದ ನಿವೃತ್ತ ಟೀಚರಮ್ಮ ಬಂದರು.

"ಅಮ್ಮಾ, ಈ ಮನೆ ನಾನು ಕೊಂಡ್ಕೊಂಡಿದೀನಿ."

"ನಂಬರ್ ಕೊಂಡಿರಬೇಕು. ಮನೆ ಹ್ಯಾಗಪ್ಪಾ ಕೊಳ್ತೀಯ?"

"ನಂಬರ್ ಇಲ್ಲೇ ಇದೆಯಲ್ಲಾ?"

"ಅದು ನಂದು. ಹಳೇ ಮನೆ ಸೋರ್ತಿತ್ತು. ಇದು ಖಾಲಿ ಬಿತ್ತು, ಬಂದೆ. ವಿಳಾಸ ಬದಲಾಯಿಸ್ಬೇಕು ಅಂದ್ರೆ ಬ್ಯಾಂಕಿಗೊಂದು, ಪಿಂಚಣಿಗೊಂದು, ಕರೆಂಟಿಗೊಂದು ಅರ್ಜಿ. ಯಾರಿಗೆ ಬೇಕು ಆ ರಗಳೆ? ಬೋರ್ಡು ಬಿಚ್ಚಿ ಜೊತೇಲಿ ತಂದೆ. ಈ ಬೀದೀಲಿ ಎಲ್ಲರೂ ಹಂಗೇ."

ಗಡಿಯಾರಯ್ಯನ ತಲೆಯೊಳಗೆ ಯಾವುದೋ ಸ್ಪ್ರಿಂಗ್ ಟಣ್ಣೆಂದು ಹಾರಿತು. "ಹಾಗಾದ್ರೆ ಅಸಲಿ ಹದಿನೇಳು ಯಾವುದು?"

"ನಾನು ಬಿಟ್ಟ ಮೇಲೆ ಬ್ಯಾಂಡ್ ಮೇಷ್ಟ್ರು ಸೇರ್ಕೊಂಡ್ರು. ಕೇಳು ನಡಿ."

ಬ್ಯಾಂಡ್ ಮೇಷ್ಟ್ರು ಈಗ ಇನ್ನೊಂದು ಮನೆಯಲ್ಲಿ ಕ್ಲಾರಿನೆಟ್ ಒರೆಸುತ್ತ ಕೂತಿದ್ದರು. "ಅದಾ? ಬಿಟ್ಟು ಎಂಟು ವರ್ಷ ಆಯ್ತು. ಎಡಕ್ಕೆ ಏಳನೇದು."

"ಬಲಕ್ಕೆ ಕಣ್ರೀ!" ಎಂದರು ಹಿಂದೆಯೇ ಬಂದಿದ್ದ ಟೀಚರಮ್ಮ.

"ನೀವು ಬೀದಿಗೆ ಬೆನ್ನು ಹಾಕಿ ಹೇಳ್ತಿದೀರಿ ಟೀಚರ್!"

"ನನಗೇ ಎಡಬಲ ಕಲಿಸ್ತೀರೇನ್ರೀ?"

ಜಗಳದ ಸದ್ದಿಗೆ ಬಾಗಿಲುಗಳು ತೆರೆದವು. ಸಲಹೆ ಕೊಡಲು ಹದಿನಾಲ್ಕು ಮಂದಿ ಸೇರಿದರು, ಅವರು ತೋರಿಸಿದ ಮನೆಗಳು ಹದಿನೈದಾದವು. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, "ನನ್ನ ಕೇಳ್ಬೇಡಿ, ನಾನು ಮುಖ ನೋಡಿ ಕಾಗದ ಕೊಡೋನು. ನಿಮ್ಮ ಮುಖಕ್ಕೆ ಇನ್ನೂ ಮನೆ ಗೊತ್ತಾಗಿಲ್ಲ," ಎಂದ.

ಅಷ್ಟರಲ್ಲಿ ಆಟೋದವನು, "ಸಾರ್, ಎಲ್ಲಿ ಇಳಿಸ್ಲಿ? ನಂಗೆ ಬೇರೆ ಬಾಡಿಗೆ ಇದೆ," ಎಂದು ಹಾಸಿಗೆ, ಬೀರು, ಮಿಕ್ಸಿಗಳನ್ನು ನಡುರಸ್ತೆಗೆ ಇಳಿಸತೊಡಗಿದ. ಹೆಂಡತಿ ಬೀರುವಿಗೆ ಒರಗಿ ನಿಂತಳು. "ರೀ, ನಾಲ್ಕೂಕಾಲು. ಗಡಿಯಾರ ನೋಡೋದು ಬಿಟ್ಟು ಮನೆ ನೋಡ್ರೀ!"

ಕೀಲಿಕೈ ಸುಳ್ಳು ಹೇಳುವುದಿಲ್ಲವೆಂದು ಗಡಿಯಾರಯ್ಯ ಹಿಂದಿನ ಓಣಿಗೆ ಓಡಿದ. ಹಿಂದೆ ಇಡೀ ಬೀದಿ. ಮೊದಲ ಹಿತ್ತಲಲ್ಲಿ ನಾಯಿ. ಎರಡನೆಯದರಲ್ಲಿ ಸ್ನಾನ ಮಾಡುತ್ತಿದ್ದ ಯಾರೋ ಚೊಂಬು ಎಸೆದರು. ಮೂರು, ನಾಲ್ಕು, ಐದರಲ್ಲಿ ಕೀಲಿಕೈ ತಿರುಗಲೇ ಇಲ್ಲ. ಆರನೆಯದರಲ್ಲಿ ಕರಕ್ ಎಂದು ತಿರುಗಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಗಡಿಯಾರಯ್ಯ ಬಾಗಿಲು ತಳ್ಳಿ ಒಳಗೆ ಬಿದ್ದ.

ಬಿದ್ದದ್ದು ಕಡತಗಳ ರಾಶಿಯ ಮೇಲೆ. ಎದುರಿಗೆ ಅದೇ ಗುಮಾಸ್ತರು ಕೂತಿದ್ದರು.

"ಇಲ್ಲಿಗ್ಯಾಕೆ ಬಂದ್ರಿ? ಇದು ನಗರಸಭೆ ಆಫೀಸು, ನಂಬರ್ ಇಪ್ಪತ್ತೆಂಟು!"

"ಆಫೀಸು ಮೊದಲು ಎಲ್ಲಿತ್ತು ಸಾರ್?"

ಗುಮಾಸ್ತರ ಪೆನ್ನು ಗಾಳಿಯಲ್ಲೇ ನಿಂತಿತು. "ಇಪ್ಪತ್ತೆಂಟರಲ್ಲಿ. ಅದು ಕುಸೀತು, ಬ್ಯಾಂಡ್ ಮೇಷ್ಟ್ರು ಬಿಟ್ಟ ಈ ಮನೆಗೆ ಬಂದ್ವಿ. ಬೋರ್ಡು ಮಾತ್ರ ಅಲ್ಲಿಂದ ಬಿಚ್ಚಿ ತಂದ್ವಿ. ಅಂದ್ರೆ ಹದಿನೇಳು…" ಎಂದವರು ಕೀಲಿಕೈಯನ್ನೂ ಬಾಗಿಲನ್ನೂ ನೋಡಿದರು.

ಒಳಕೋಣೆಯಿಂದ ಅಧಿಕಾರಿಗಳು ಓಡಿಬಂದರು. ಬೈಗುಳ ಬೀಳುತ್ತದೆಂದು ಗಡಿಯಾರಯ್ಯ ಕಣ್ಣುಮುಚ್ಚಿದ. ಬಿದ್ದದ್ದು ಅಪ್ಪುಗೆ. "ಬನ್ನಿ ಸ್ವಾಮಿ, ಮೊದಲು ಸಹಿ ಹಾಕಿ!"

ಐದಕ್ಕೆ ಹತ್ತು ನಿಮಿಷವಿತ್ತು. ಗಡಿಯಾರಯ್ಯ ಸಹಿ ಹಾಕಿದ. ಇಂಕು ಆರುವ ಮೊದಲೇ ಅಧಿಕಾರಿಗಳು ಇನ್ನೊಂದು ಕಾಗದ ಕೈಗಿಟ್ಟರು. "ಛಾವಣಿ ಇವತ್ತೋ ನಾಳೆಯೋ ಬೀಳುತ್ತೆ. ಮಾಲೀಕರು ಏಳು ದಿನದಲ್ಲಿ ರಿಪೇರಿ ಮಾಡಿಸ್ಬೇಕು ಅಂತ ನೋಟೀಸು. ಎಂಟು ವರ್ಷದಿಂದ ಮಾಲೀಕರೇ ಸಿಗ್ದೆ ನಾವು ಕೊಡೆ ಹಿಡ್ಕೊಂಡು ಕೆಲಸ ಮಾಡ್ತಿದ್ವಿ!"

"ಹಾಗಾದ್ರೆ ನೀವು ಖಾಲಿ ಮಾಡಿ ಸಾರ್."

"ಧಾರಾಳವಾಗಿ. ಖಾಲಿ ಮಾಡಿಸಿ ಅಂತ ನಗರಸಭೆಗೆ ಅರ್ಜಿ ಕೊಡಿ, ಪರಿಶೀಲಿಸ್ತೀವಿ."

ದಿಂಬು ಹೊತ್ತು ಒಳಬಂದ ಹೆಂಡತಿ ಸುತ್ತ ನೋಡಿದಳು. "ಇವರೆಲ್ಲ ಯಾರ್ರೀ?"

"ನಮ್ಮ ಬಾಡಿಗೆದಾರರು ಕಣೇ."

"ಬಾಡಿಗೆ ಎಷ್ಟು ಕೊಡ್ತಾರಂತೆ?"

ಅಧಿಕಾರಿಗಳು ಮೇಲೆ ನೋಡಿದರು. ಮೇಲಿಂದ ಒಂದು ಹಿಡಿ ಗಾರೆ ದಿಂಬಿನ ಮೇಲೆ ಬಿತ್ತು.

ಮುಂದಿನ ಕಿಟಕಿಯಲ್ಲಿ ಯಾರೋ ತಲೆ ತೂರಿಸಿ ಕೇಳಿದರು: "ಮನೆ ಹರಾಜಿಗೆ ಹಾಕೋಕೆ ಅರ್ಜಿ ಕೊಡೋದು ಇಲ್ಲೇನಾ?"

"ಇಲ್ಲೇ," ಎಂದ ಗಡಿಯಾರಯ್ಯ, ಕಿಟಕಿಯತ್ತ ದಾಪುಗಾಲು ಹಾಕುತ್ತ. "ನನ್ನ ಹಿಂದೆ ನಿಂತ್ಕೊಳ್ಳಿ."