ಎದುರು ದಡದ ಏರಿ

ತಹುರಾ ಅರ್ಧ ಜಗಲಿ ಸಾರಿಸಿ ಮುಗಿಸಿದ್ದಳಷ್ಟೆ, ಮೆಂಬರ್ ಕುದ್ದೂಸ್ ಚಾಚಾ ಛತ್ರಿ ಹಿಡಿದು ಬಂದು ಅದರ ಮೇಲೆಯೇ ನಿಂತರು. ಹಸಿ ಮಣ್ಣಿನಲ್ಲಿ ಅವರ ಎರಡೂ ಪಾದ ಅಚ್ಚಾದವು.

"ಏಳಮ್ಮ, ಏಳು! ಮಧ್ಯಾಹ್ನ ಏರಿ ಪರೀಕ್ಷೆ ಮಾಡೋ ತಂಡ ಬರ್ತಿದೆ. ಸಮುದ್ರ ಏರ್ತಿದೆಯಲ್ಲ, ಬಿರುಗಾಳಿ ಬಂದ್ರೆ ನಮ್ಮ ಕಾಲಿಂದಿ ನದಿಯ ಯಾವ ದಡದ ಏರಿ ತಡೆಯುತ್ತೆ, ನಮ್ಮ ಬಾಂಗ್ಲಾದ್ದೋ ಇಂಡಿಯಾದ್ದೋ ಅಂತ ಹೋಲಿಸಿ ನೋಡ್ತಾರಂತೆ. ಆ ದಡ ನಿನ್ನೆಯೇ ನೋಡಿ ಆಯ್ತು."

ತಹುರಾಳಿಗೆ ಜೀವ ಬಂದಂತಾಯಿತು. ಅವಳ ಮನೆಯ ಹಿಂದೆಯೇ ಏರಿ ಬಿರುಕು ಬಿಟ್ಟಿತ್ತು. ಹುಣ್ಣಿಮೆಗೆ ನದಿ ಉಬ್ಬಿದಾಗಲೆಲ್ಲ ಉಪ್ಪುನೀರು ನೆಂಟರ ಹಾಗೆ ಒಳಗೆ ಬಂದು, ಹೋಗಲು ಮನಸ್ಸಿಲ್ಲದೆ ಒಲೆಯ ಪಕ್ಕ ಕೂರುತ್ತಿತ್ತು.

"ಹಾಗಾದ್ರೆ ಬಿರುಕು ತೋರಿಸ್ತೀನಿ ಚಾಚಾ."

"ತೋರಿಸ್ತೀಯಾ? ಹೋದ ಸಲದ ಬಿರುಗಾಳಿಗೆ ನಮ್ಮ ಶಾಲೆಯ ತಗಡು ಹಾರಿಹೋದಾಗ ಆ ದಡದವರು ನಿಂತು ನಕ್ಕಿದ್ದು ಮರೆತ್ಯಾ? ಊರಿನ ಮಾನ ಹೋಗುತ್ತೆ. ಮುಚ್ಚಬೇಕು!"

"ಮಣ್ಣೆಲ್ಲಿದೆ?"

ಚಾಚಾ ಕಾಲ ಕೆಳಗೆ ನೋಡಿದರು. ಚಳಿಗಾಲವಿಡೀ ತಾನೂ ಮಗಳು ತುಲಿಯೂ ಬುಟ್ಟಿ ಬುಟ್ಟಿ ಹೊತ್ತು ಮೊಣಕಾಲೆತ್ತರ ಮಾಡಿದ ಜಗಲಿಯನ್ನು ತಹುರಾ ತಬ್ಬಿಕೊಳ್ಳುವುದೊಂದು ಬಾಕಿ.

"ಇದು ನನ್ನ ಜಗಲಿ!"

"ಮಣ್ಣು ಎಲ್ಲಿಂದ ತಂದಿದ್ದು?"

ತಹುರಾಳ ಕಣ್ಣು ಏರಿಯ ಕಡೆ ಹೊರಳಿತು. ನೀರು ನುಗ್ಗುತ್ತದೆಂದು ಊರವರೆಲ್ಲ ಜಗಲಿ ಎತ್ತರಿಸುತ್ತಿದ್ದರು. ಅದಕ್ಕೆ ಎಲ್ಲರೂ ತರುತ್ತಿದ್ದುದು ಏರಿಯ ಮಣ್ಣೇ. ಏರಿ ಸೊರಗಿ ನೀರು ಇನ್ನಷ್ಟು ನುಗ್ಗುತ್ತಿತ್ತು.

ಪಕ್ಕದ ಮನೆಯ ಸಕೀನಾ ಖಾಲಾ ಈ ಮಾತು ಕೇಳಿದ್ದೇ ತಡ, ತಮ್ಮ ಜಗಲಿಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಸೆರಗು ಹರಡಿ ಕೂತರು. "ನಂಗೆ ಸೊಂಟನೋವು, ಏಳೋಕಾಗಲ್ಲ. ತಹುರಾಳ ಜಗಲೀನೇ ಏರಿಗೆ ಹತ್ತಿರ, ಅದನ್ನೇ ಅಗೀರಿ."

ಅಗೆದರು. ತಹುರಾಳೇ ಹೊತ್ತಳು, ತಹುರಾಳೇ ಮೆತ್ತಿದಳು. ಸೊಂಟನೋವಿನ ಖಾಲಾ ಏರಿಯ ತುದಿಗೆ ಹತ್ತಿ ನಿಂತು, "ಅಲ್ಲಿ ಇನ್ನೊಂಚೂರು ಬಳಿ, ಮದುಮಗಳ ಕೆನ್ನೆ ಹಾಗೆ ಹೊಳೀಬೇಕು," ಎನ್ನುತ್ತಿದ್ದರು.

ತುಲಿ ಎದುರು ದಡದಲ್ಲಿ ಕಾಣುವ ಕೆಂಪು ಚುಕ್ಕೆಗಳನ್ನೇ ನೋಡುತ್ತಿದ್ದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕಂದಾ. ಕೈಯೆಲ್ಲ ಮಣ್ಣು."

ದೋಣಿ ಬಂತು. ತಂಡದ ಮುಖ್ಯಸ್ಥೆ ಏರಿಯನ್ನು ಸವರಿ ನೋಡಿ, "ಅಬ್ಬ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ!" ಎಂದರು.

ಚಾಚಾ ಎದೆ ಉಬ್ಬಿಸಿದರು. "ಆ ದಡದ್ದಕ್ಕಿಂತ?"

"ಎಷ್ಟೋ ವಾಸಿ. ಅಲ್ಲಿನ ಜನ ಒಂದೊಂದು ಬಿರುಕಿಗೂ ಕೆಂಪು ಬಾವುಟ ನೆಟ್ಟು, ನಮ್ಮ ಕೈಹಿಡಿದು ತೋರಿಸಿದರು."

ಊರವರು ಚಪ್ಪಾಳೆ ತಟ್ಟಿದರು.

"ಅದಕ್ಕೇ ಕಾಂಕ್ರೀಟಿನ ಏರಿ ಆ ದಡಕ್ಕೆ. ನಿಮಗೆ ಸದ್ಯಕ್ಕೆ ಬೇಕಾಗಿಲ್ಲ ಅಂತ ವರದಿ ಬರೀತೀವಿ," ಎಂದರು ಮುಖ್ಯಸ್ಥೆ.

ತಟ್ಟಲು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಮೊದಲು ಚೇತರಿಸಿಕೊಂಡವರು ಖಾಲಾ. "ಇದು ಬರೀ ಮೇಲಿನ ಬಣ್ಣ ತಾಯೀ!" ಎಂದು ಉಗುರಿನಿಂದ ಕೆರೆಯತೊಡಗಿದರು. ಚಾಚಾ ಛತ್ರಿಯ ಮೊನೆಯಿಂದ ತಿವಿದರು. ಛತ್ರಿ ಬಾಗಿತು. ಬಿಸಿಲಿಗೆ ಒಣಗಿದ್ದ ತಹುರಾ ಮೆತ್ತಿದ ಮಣ್ಣು ಅಲುಗಲಿಲ್ಲ.

"ಸಹಾಯ ಅಂದ ಕೂಡಲೇ ಎಲ್ಲ ಊರಲ್ಲೂ ಹೀಗೇ," ಎಂದು ನಗುತ್ತ ಆಕೆ ದೋಣಿ ಹತ್ತಿದರು.

"ನಿನ್ನದೇ ತಪ್ಪು," ಎಂದರು ಚಾಚಾ ತಹುರಾಳಿಗೆ. "ಅಷ್ಟು ಚೆನ್ನಾಗಿ ಬಳಿ ಅಂತ ಯಾರು ಹೇಳಿದ್ರು?" ಸೊಟ್ಟ ಛತ್ರಿ ಹಿಡಿದು ಹೊರಟುಹೋದರು. ಖಾಲಾಗೆ ಮತ್ತೆ ಸೊಂಟ ಹಿಡಿಯಿತು.

ಜಗಲಿ ಇದ್ದ ಜಾಗದಲ್ಲಿ ತಹುರಾ ನೆಲದ ಮೇಲೇ ಕೂತಳು. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಎದುರು ದಡದಲ್ಲಿ ಯಾರೋ ಕೆಂಪು ಬಾವುಟಗಳನ್ನು ಕೀಳುತ್ತಿದ್ದರು. ತುಲಿ ಬಂದು ಅಮ್ಮನ ಮಡಿಲಿಗೆ ಒರಗಿದಳು.

"ಈಗ ಇನ್ನೊಂದು ಕೇಳ್ಲಾ?"

"ಕೇಳು ಕಂದಾ."

"ಆ ಏರಿ ಕಲ್ಲಿನ ಹಾಗೆ ಗಟ್ಟಿಯಾದ್ಮೇಲೆ, ನದಿ ಉಬ್ಬಿದಾಗ ನೀರೆಲ್ಲ ಯಾವ ಕಡೆಗೆ ಬರುತ್ತಮ್ಮಾ?"