ಹಿಟ್ಟಿಗೇ ಉಪ್ಪು ಹಾಕುವ ಮಾಮಾ

ನಮ್ಮ ಸೋದರಮಾವನಿಗೆ ಹಸಿವೆಯೇ ಆಗುವುದಿಲ್ಲ. ಆತನಿಗೆ ಮಧ್ಯಾಹ್ನದ ಒಂದು ಗಂಟೆ ಆಗುತ್ತದೆ, ಅಷ್ಟೇ. ಒಂದಕ್ಕೆ ಐದು ನಿಮಿಷ ಮೊದಲು ನೀವು ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ತಂದು ಮುಂದಿಟ್ಟರೂ ಆತ ಗೋಡೆ ನೋಡುತ್ತ ಕೂಡುತ್ತಾನೆ. ಗಡಿಯಾರ ಒಂದು ಹೊಡೆಯಿತೋ, ಮೂರು ದಿನದ ಉಪವಾಸಿಯಂತೆ ತಾಟಿಗೆ ಕೈ ಹಾಕುತ್ತಾನೆ. "ಹಸದಿತ್ತೇನು?" ಎಂದು ಕೇಳಿದರೆ "ವ್ಯಾಳ್ಯಾ ಆತು" ಎನ್ನುತ್ತಾನೆ. ಮದುವೆಯಾದ ಹೊಸದರಲ್ಲಿ ಅತ್ತೆ ಇದನ್ನು ಶಿಸ್ತು ಎಂದುಕೊಂಡಿದ್ದಳಂತೆ. ಈಗ ಏನಂದುಕೊಂಡಿದ್ದಾಳೆ ಎಂಬುದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ಮಾಮಾನದು ಶಿಗ್ಗಾಂವಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಎಷ್ಟು ಸುತ್ತು ಹಾಕಬೇಕು ಎಂಬುದು ಕೈ ಹಚ್ಚುವ ಮೊದಲೇ ಗೊತ್ತಿರಬೇಕು. ಅರ್ಧ ಸುತ್ತಿದ ಮೇಲೆ ಯೋಚಿಸುತ್ತೇನೆ ಎಂದರೆ ನಡೆಯದು. ಈ ಒಂದು ಪಾಠವನ್ನು ಆತ ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ನಮ್ಮ ಬಳಗವೆಲ್ಲ ಸುಖವಾಗಿರುತ್ತಿತ್ತು. ಆದರೆ ಮಾತು, ನಗು, ನೆಂಟರ ಮನೆಯಲ್ಲಿ ಎಷ್ಟು ಹೊತ್ತು ಕೂಡಬೇಕು, ಎಲ್ಲವೂ ಮನೆ ಬಿಡುವ ಮೊದಲೇ ನಿರ್ಧಾರವಾಗಿರಬೇಕು!

ಹಾನಗಲ್ಲಿನ ಒಂದು ಮದುವೆಗೆ ಹೋಗಿದ್ದೆವು. ಬಾಗಿಲಲ್ಲಿ ಇನ್ನೂ ಪನ್ನೀರು ಚಿಮುಕಿಸುತ್ತಿದ್ದರು. ಮಾಮಾ ನೆಟ್ಟಗೆ ಹೆಣ್ಣಿನ ತಂದೆಯ ಹತ್ತಿರ ಹೋಗಿ ಕೈ ಹಿಡಿದು, "ಊಟ ಭಾಳ ಚೊಲೋ ಆಗಿತ್ರಿ" ಎಂದ. ಆ ಪುಣ್ಯಾತ್ಮರು ಕಕ್ಕಾಬಿಕ್ಕಿಯಾಗಿ, "ಇನ್ನ ಈಗ ಒಲಿ ಹಚ್ಚಾಕತ್ತಾರ್ರಿ" ಎಂದರು. "ಇರ್ಲಿ ಬಿಡ್ರಿ, ಆಮ್ಯಾಲ ಗದ್ದಲದಾಗ ನೀವು ಸಿಗ್ತೀರೋ ಇಲ್ಲೋ" ಎಂದು ಮಾಮಾ ಸಮಾಧಾನವಾಗಿ ಹೋಗಿ ಕುಳಿತ. ಕಾಲು ಮುರಿದುಕೊಂಡ ಬೀಗರನ್ನು ನೋಡಲು ಹಿರೇಕೆರೂರಿನ ಆಸ್ಪತ್ರೆಗೆ ಹೋದಾಗ ಇಪ್ಪತ್ತು ನಿಮಿಷ ಕೂಡುವುದೆಂದು ಠರಾವಾಗಿತ್ತು. ನಾವು ಮುಟ್ಟಿದ ಐದನೆಯ ನಿಮಿಷಕ್ಕೆ ಅವರನ್ನು ಎಕ್ಸರೇಗೆ ಒಯ್ದರು. ಮಾಮಾ ಉಳಿದ ಹದಿನೈದು ನಿಮಿಷ ಖಾಲಿ ಮಂಚದ ಮುಂದೆ ಕುಳಿತು, ಮುಗಿದ ಕೂಡಲೇ ದಿಂಬಿಗೆ "ಬರ್ತೇನ್ರಿ" ಎಂದು ಹೇಳಿ ಎದ್ದ. ದಿಂಬಿಗೆ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಕತೆಗಳನ್ನು ನಾನು ಎಲ್ಲರ ಮುಂದೆ ಹೇಳಿ ನಗಿಸುತ್ತೇನೆ, ನಮ್ಮ ಅವ್ವನೊಬ್ಬಳನ್ನು ಬಿಟ್ಟು. ಅವ್ವ ಮಾಮಾನ ಬೆನ್ನಿಗೆ ಹುಟ್ಟಿದವಳಲ್ಲ, ಆತನಿಗಿಂತ ಆರು ವರ್ಷಕ್ಕೆ ದೊಡ್ಡವಳು. ಆತನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇರುವುದು ದುಂಡಸಿಯಲ್ಲಿ. ಶಿಗ್ಗಾಂವಿಯ ಮಾಮಾನ ಮನೆಯಲ್ಲಿ ಅಜ್ಜಿ ತೀರಿಕೊಂಡಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಅವ್ವ ತಮ್ಮನ ಜೊತೆ ಮಾತಾಡಿಲ್ಲ. ಯಾಕೆಂದು ಕೇಳಿದರೆ ಮೊರ ಕೈಗೆತ್ತಿಕೊಂಡು ಕಾಳು ಹಸನು ಮಾಡತೊಡಗುತ್ತಾಳೆ. ಅಜ್ಜಿ ಹೋದ ದಿನ ನಾನು ಚುನಾವಣೆಯ ಕೆಲಸಕ್ಕೆಂದು ಹಿರೇಕೆರೂರಿನಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕುಳಿತಿದ್ದರು. ಅವರಿಬ್ಬರನ್ನು ಒಂದು ಸಲ ಎದುರುಬದುರು ಕೂಡಿಸಬೇಕು ಎಂಬುದು ನನ್ನ ಆಸೆ. ಹಬ್ಬ, ನಾಮಕರಣ, ಸುಳ್ಳು ಜ್ವರ, ಯಾವುದನ್ನೂ ಬಿಡದೆ ಪ್ರಯತ್ನಿಸಿ ಸೋತಿದ್ದೆ.

ಅಜ್ಜಿ ಹೋದ ಸುಮಾರಿಗೇ ಮಾಮಾನಿಗೆ ಬಸ್ಸಿನ ಹುಚ್ಚು ಹಿಡಿದಿತ್ತು. ಮುಂಜಾನೆ ಅಂಗಡಿ ತೆಗೆಯುವ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುವುದು, ಯಾವ ಬಸ್ಸು ಎಷ್ಟಕ್ಕೆ ಬಂತೆಂದು ಬರೆದುಕೊಳ್ಳುವುದು. ಬೋರ್ಡಿನ ಮೇಲಿನ ವೇಳೆಯಲ್ಲ, ನಿಜವಾಗಿ ಬಂದ ವೇಳೆ. ಆಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡ. ಫೋನಿನಲ್ಲಿ ಪಾಠ ನೋಡಿ ನೋಡಿ, ಐವತ್ತಾರನೆಯ ವಯಸ್ಸಿನಲ್ಲಿ, ಕೋಟ್ಲಿನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಬಸ್ಸಿನ ವೇಳೆ ತೋರಿಸುವ ಆ್ಯಪ್ ಮಾಡಿದ. ಅತ್ತೆ ಮೊದಲು ಹೆದರಿ, ಆಮೇಲೆ ಹೆಮ್ಮೆಪಟ್ಟು, ಕೊನೆಗೆ ಬೇಸತ್ತಳು.

ನಾನಿರುವುದು ಸವಣೂರಿನಲ್ಲಿ, ಶಿಗ್ಗಾಂವಿಯ ಶಾಲೆಯಲ್ಲಿ ಟೀಚರು. ತಿಳಿಯದ್ದನ್ನು ಕೇಳದೆ ಬಿಡುವ ಜಾಯಮಾನ ನನ್ನದಲ್ಲ. "ಮಾಮಾ, ವ್ಯಾಳ್ಯಾ ಎಲ್ಲಾ ಇಂಟರ್‌ನೆಟ್ಟಿನಾಗ ಇಟ್ಟರ ಆ್ಯಪ್ ಅಲ್ಲಿಂದ ತಗೊಳ್ತೈತಲ್ಲ?" ಎಂದೆ.

"ದುಂಡಸಿ ಕಡೆ ಹಾದ್ಯಾಗ ಸಿಗ್ನಲ್ ಇರೂದಿಲ್ಲ. ಸ್ಟಾಪಿನಾಗ ನಿಂತಾಕಿ ಬಸ್ ನೋಡ್ಬೇಕೋ, ತಿರುಗೂ ಚಕ್ರ ನೋಡ್ಬೇಕೋ?" ಎಂದ ಮಾಮಾ. "ಮಿರ್ಚಿ ಭಜಿಗಿ ಉಪ್ಪು ಯಾವಾಗ ಹಾಕ್ತಿ?"

"ಹಿಟ್ಟಿಗೇ ಹಾಕ್ತೇವಿ."

"ಕರದ ಮ್ಯಾಲ ಉದುರಿಸಿದ್ರ?"

"ಹೊರಗಷ್ಟ ಉಪ್ಪು ಹತ್ತತೈತಿ."

"ಹಂಗ. ಆ್ಯಪ್ ಕಟ್ಟೂ ಮೊದಲ ಯಾವ ಸ್ಟಾಪು, ಯಾವ ವ್ಯಾಳ್ಯಾ ಅಂತ ಒಂದು ಕಡೆ ಬರದು ಇಡ್ತೇನಿ. ಕಟ್ಟೂ ಹೊತ್ತಿನಾಗ ಪ್ಲಗಿನ್ ಅಂತ ಒಂದು ಐತಿ, ಅದು ನಾ ಬರದದ್ದನ್ನ ಓದಿ, ತಾನ ಒಂದು ಕೋಟ್ಲಿನ್ ಫೈಲ್ ಬರೀತೈತಿ. ಅದರಾಗಿನ ಅಂಕಿ ಹಿಟ್ಟಿನಾಗಿನ ಉಪ್ಪು. ಹೊರಗ ಬಿದ್ದ ಮ್ಯಾಲ ಬದಲಾಗೂದಿಲ್ಲ."

ನನಗೆ ಒಮ್ಮೆಲೇ ಬೆಳಕಾಯಿತು. ಓಡುವಾಗ ಯೋಚಿಸುವ ಆ್ಯಪುಗಳು ಊರತುಂಬ ಇದ್ದಾವು. ಮನೆ ಬಿಡುವ ಮೊದಲೇ ಎಲ್ಲ ನಿರ್ಧರಿಸಿಕೊಂಡು ಹೊರಡುವ ಆ್ಯಪು ನಮ್ಮ ಮಾಮಾನ ಹೊಟ್ಟೆಯಲ್ಲಲ್ಲದೆ ಇನ್ನೆಲ್ಲಿ ಹುಟ್ಟಬೇಕು? ನೆಂಟಸ್ತಿಕೆಯಲ್ಲಿ ಕೆಡುಕೆನಿಸಿದ ಗುಣ ಇಲ್ಲಿ ವಿದ್ಯೆಯಾಗಿತ್ತು.

ಆದರೆ ವಿದ್ಯೆಗೂ ಆತ ತನ್ನ ಬಾಲ ಜೋಡಿಸದೆ ಬಿಟ್ಟಾನೆಯೇ? ಎಲ್ಲರಿಗೂ ಒಂದೇ ಆ್ಯಪ್ ಕೊಡಲು ಮನಸ್ಸೊಪ್ಪಲಿಲ್ಲ. "ಮಂದಿ ಬಸ್ ನಿನಗ್ಯಾಕ?" ಎಂದು ಒಬ್ಬೊಬ್ಬರಿಗೆ ಒಂದೊಂದು ಕಟ್ಟಿದ. ಕೋಡು ಒಂದೇ, ಹಾಕುವ ಉಪ್ಪು ಬೇರೆ. ನನ್ನದರಲ್ಲಿ ಸವಣೂರಿನಿಂದ ಶಿಗ್ಗಾಂವಿ, ಅಷ್ಟೇ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಒಬ್ಬರಿಗೆ ಯಲವಿಗಿ ಸ್ಟೇಷನ್ನಿಗೆ ಹೋಗುವ ಬಸ್ಸು ಮಾತ್ರ. ಅವರು ಮಗಳ ಊರು ಹಾನಗಲ್ಲಿಗೆ ಹೋಗಿ ಎಂಟು ದಿನ ಇದ್ದರು. ಎಂಟು ದಿನವೂ ಆ್ಯಪು "ಯಲವಿಗಿ, ಏಳೂವರೆ" ಎಂದೇ ಹೇಳಿತು. ದೂರಿಕೊಂಡು ಬಂದರೆ ಮಾಮಾ ಅವರ ಮೇಲೇ ರೇಗಿದ: "ಹಾನಗಲ್ಲಿಗಿ ಹೋಗ್ತೇನಿ ಅಂತ ಮೊದಲ ಹೇಳ್ಬೇಕಿಲ್ರಿ? ಕಟ್ಟಿ ಕೊಡ್ತಿದ್ದೆ." ವ್ಯಾಪಾರಿ ಆ್ಯಪಿನ ಕ್ಷಮೆ ಕೇಳಿ ಹೋದರು.

ಇನ್ನೊಂದು ನಿಯಮ. ಯಾವ ಬಸ್ಸಿನ ವೇಳೆಯಾದರೂ ಬದಲಾದರೆ, ಆ ಸ್ಟಾಪಿಗೇ ಹೋಗಿ ಮೂರು ದಿನ ತಾನೇ ನಿಂತು ನೋಡದೆ ಒಳಗೆ ಹಾಕುವುದಿಲ್ಲ. ನನ್ನ ಮುಂಜಾನೆಯ ಬಸ್ಸು ಎಂಟು ಹತ್ತರ ಬದಲು ಎಂಟು ಇಪ್ಪತ್ತೈದಕ್ಕೆ ಬರತೊಡಗಿ ವಾರವಾಗಿತ್ತು. "ನಾ ದಿನಾ ಅದರಾಗ ಅಡ್ಡಾಡ್ತೇನಿ ಮಾಮಾ" ಎಂದರೆ, "ನೀ ಹತ್ತಾಕಿ, ನೋಡಾಕಿ ಅಲ್ಲ" ಎಂದುಬಿಟ್ಟ.

ಒಂದು ಭಾನುವಾರ ಮಾಮಾನ ಮನೆಗೆ ಹೋದಾಗ ಆತ ಅಂಗಡಿಯಲ್ಲಿದ್ದ, ಲ್ಯಾಪ್‌ಟಾಪ್ ಮನೆಯಲ್ಲಿ ತೆರೆದೇ ಇತ್ತು. ಹುಡುಕಿದೆ. ಆ ಕೋಟ್ಲಿನ್ ಫೈಲು ಸಿಕ್ಕಿತು. ನನ್ನ ಹೆಸರು, ನನ್ನ ಸ್ಟಾಪು, ನನ್ನ ಎಂಟು ಹತ್ತು. ಎಲ್ಲಕ್ಕಿಂತ ಮೇಲೆ, ಇದು ತಾನಾಗಿ ಬರೆದದ್ದು, ಕೈಯಿಂದ ತಿದ್ದಬೇಡಿ ಎಂದು ಇಂಗ್ಲಿಷಿನಲ್ಲಿತ್ತು. ಮುಟ್ಟಬೇಡಿ ಎಂದು ಬರೆದಲ್ಲೇ ಅಲ್ಲವೇ ಮೇಷ್ಟರ ಕೈ ಮೊದಲು ಹೋಗುವುದು? ತಿದ್ದಿ ಎಂಟು ಇಪ್ಪತ್ತೈದು ಮಾಡಿ, ಮಾಮಾ ಒತ್ತುತ್ತಿದ್ದ ಗುಂಡಿ ಒತ್ತಿದೆ. ಅದೇನೋ ಗುರುಗುಟ್ಟಿ ಕಟ್ಟಿ ಮುಗಿಸಿತು. ನೋಡಿದರೆ ಎಂಟು ಹತ್ತು! ಮತ್ತೆ ತಿದ್ದಿದೆ, ಮತ್ತೆ ಎಂಟು ಹತ್ತು. ಮೂರನೆಯ ಸಲಕ್ಕೆ ನನಗೆ ಮೈ ಉರಿಯಿತು. ಮಗ್ಗಿ ತಪ್ಪು ಬರೆದು ತಿದ್ದಿಸಿದರೂ ಅದನ್ನೇ ಬರೆಯುವ ಮಕ್ಕಳನ್ನು ಕಂಡಿದ್ದೇನೆ. ಈ ಪ್ಲಗಿನ್ನು ಅವರೆಲ್ಲರ ಗುರು.

ಬೆನ್ನ ಹಿಂದೆ ಮಾಮಾ ನಿಂತಿದ್ದ. ಒಂದು ಗಂಟೆಯಾಗಿತ್ತು, ಊಟಕ್ಕೆ ಬಂದಿದ್ದ.

"ಅದನ್ನ ಬರಿಯಾಂವ ಪ್ಲಗಿನ್. ನೀ ಎಷ್ಟ ತಿದ್ದಿದ್ರೂ ಅದು ಪ್ರತಿ ಸಲ ಹೊಳ್ಳಿ ಬರೀತೈತಿ. ತಿದ್ದೂದಿದ್ರ ಅದು ಓದೂ ಜಾಗಾದಾಗ ತಿದ್ದಬೇಕು" ಎಂದು, ಬೈಯದೆ, ಇನ್ನೊಂದು ಪುಟ ತೆಗೆದು ತೋರಿಸಿದ. ಅಲ್ಲಿ ಎಲ್ಲರ ಹೆಸರಿನ ಪಟ್ಟಿ ಇತ್ತು. ಒಬ್ಬೊಬ್ಬರ ಸ್ಟಾಪು, ವೇಳೆ, ಅವರ ಆ್ಯಪನ್ನು ಈವರೆಗೆ ಎಷ್ಟು ಸಲ ಕಟ್ಟಿದ್ದಾನೆ ಎಂಬ ಅಂಕಿ. ನನ್ನದು ಒಂಬತ್ತು ಸಲ. ಎಲೆ ವ್ಯಾಪಾರಿಯದು ಹದಿನಾಲ್ಕು. ಎಲ್ಲರಿಗಿಂತ ಮೇಲೆ "ಅಕ್ಕ, ದುಂಡಸಿ" ಎಂದಿತ್ತು. ಅದರ ಮುಂದಿನ ಅಂಕಿ ನೂರಾ ಹನ್ನೆರಡು.

"ಮಾಮಾ, ಇದು ಅವ್ವಂದೇನು? ಅವ್ವನ ಫೋನಿನಾಗ ಇಲ್ಲಲ್ಲ?"

"ಇಲ್ಲ."

"ಮತ್ತ ನೂರಾ ಹನ್ನೆರಡು ಸಲ ಯಾರಿಗಿ ಕಟ್ಟಿದಿ?"

ಮಾಮಾ ಕೈ ತೊಳೆಯಲು ಹೋದ. ಒಂದು ಗಂಟೆ ಆಗಿದ್ದರೂ ಆ ದಿನ ಅರ್ಧ ರೊಟ್ಟಿಗೇ ಎದ್ದು ಅಂಗಡಿಗೆ ನಡೆದ.

ಅಡುಗೆಮನೆಯಲ್ಲಿ ಅತ್ತೆ ದನಿ ತಗ್ಗಿಸಿ ಹೇಳಿದಳು. "ನಿಮ್ಮಜ್ಜಿ ಹೋದ ದಿನಾ ಮುಂಜಾನೆ ಇವ್ರ ನಿಮ್ಮವ್ವಗ ಫೋನ್ ಮಾಡಿದ್ರು. ಒಂಬತ್ತೂವರಿ ಬಸ್ಸಿಗಿ ಬಾ ಅಂದ್ರು. ಆ ಬಸ್ ನಿಂತು ತಿಂಗಳಾಗಿತ್ತಂತ, ಇವ್ರಿಗಿ ಗೊತ್ತಿಲ್ಲ. ಸ್ಟಾಪಿನಾಗ ಇದ್ದ ಮಂದಿ ಹೇಳ್ಯಾರ, ಆ ಬಸ್ ಬರೂದಿಲ್ಲ, ಟೆಂಪೋ ಹತ್ತು ಅಂತ. ಆಕಿ ಕೇಳಿಲ್ಲ. ವ್ಯಾಳ್ಯಾದ ವಿಷಯದಾಗ ನನ್ನ ತಮ್ಮ ತಪ್ಪೂದಿಲ್ಲ ಅಂದ್ಲಂತ. ಹನ್ನೊಂದೂವರಿ ತನಕಾ ನಿಂತ್ಲು. ಇಲ್ಲಿ ನಿಮ್ಮಜ್ಜಿ ಎರಡ ಸಲ ಕೇಳಿದ್ರು, ಮಗಳು ಬಂದ್ಲೇನು ಅಂತ. ಆಕಿ ಮುಟ್ಟೂದ್ರಾಗ ಜೀವ ಹೋಗಿತ್ತು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹದಿಮೂರು ದಿನಾ ಮುಗದ ಮಾರನೇ ದಿನಾ ಇವ್ರ ಸ್ಟ್ಯಾಂಡಿಗಿ ಹೋಗಿ ನಿಂತ್ರು ನೋಡು. ಅವತ್ತಿಂದ ನಿಂತಾರ."

ನಾಲ್ಕು ವರ್ಷ ಆ ಹುಚ್ಚನ್ನು ಕಂಡಕಂಡಲ್ಲಿ ಹೇಳಿ ನಕ್ಕವಳು ನಾನು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಲ್ಯಾಪ್‌ಟಾಪಿನ ಮುಂದೆ ಮತ್ತೆ ಕುಳಿತು, ಅಕ್ಕನ ಹೆಸರಿನ ಆ್ಯಪನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಕದ್ದೆ ಎಂದರೂ ಅಡ್ಡಿಯಿಲ್ಲ.

ಸಂಜೆಯೇ ದುಂಡಸಿಗೆ ಹೋಗಿ ಅವ್ವನ ಫೋನಿಗೆ ಹಾಕಿ ಕೈಗೆ ಕೊಟ್ಟೆ. ಕಡಲೆ ಹಸನು ಮಾಡುತ್ತಿದ್ದವಳು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದಳು. ದುಂಡಸಿ. ಶಿಗ್ಗಾಂವಿಗೆ. ಮುಂಜಾನೆ ಒಂಬತ್ತು ನಲವತ್ತು. ಅದರ ಕೆಳಗೆ, ನಮ್ಮ ಯಾರ ಆ್ಯಪಿನಲ್ಲೂ ಇಲ್ಲದ ಒಂದು ಸಾಲು: "ಈ ಬಸ್ ಬರ್ತೈತಿ. ನಾ ನಿಂತು ನೋಡೇನಿ."

ಯಾರು ಮಾಡಿದ್ದೆಂದು ಅವ್ವ ಕೇಳಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಮೊರ ಕೈಗೆತ್ತಿಕೊಂಡಾಳೆಂದು ನಾನು ಕಾಯುತ್ತಿದ್ದೆ; ಎತ್ತಿಕೊಳ್ಳಲಿಲ್ಲ.

"ನಿಂತು ನೋಡೇನಿ ಅಂದ್ರ? ಎಲ್ಲಿ ನಿಂತಾನ?"

"ಇಲ್ಲೇ ಅವ್ವಾ. ನಿಮ್ಮ ಸ್ಟಾಪಿನಾಗ. ಪ್ರತಿ ವ್ಯಾಳ್ಯಾ ಮೂರು ದಿನಾ ನೋಡ್ತಾನ."

"ದುಂಡಸಿ ತನಕಾ ಬಂದಾನೇನು?" ಅವ್ವನ ದನಿ ಏರಿತು. "ಇಲ್ಲೀ ತನಕಾ ಬಂದು, ಮನಿಗಿ ಬರಲಾರದ ಹೊಳ್ಳಿ ಹೋಗ್ಯಾನೇನು? ಬಿಸಲಾಗ ನಿಂತು, ಒಂದು ವಾಟಗಾ ಚಾ ಸುದ್ದಾ ಕುಡೀಲಾರದ?"

ಅವ್ವ ಕಡಲೆಯನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಡಬ್ಬಿಗಳ ಸಪ್ಪಳ ಕೇಳಿಸಿತು.

ಮಾರನೆಯ ದಿನ ನಾನು ಶಾಲೆಗೆ ರಜೆ ಹಾಕಿದೆ. ಒಂಬತ್ತೂವರೆಗೆ ನಾವಿಬ್ಬರೂ ಸ್ಟಾಪಿನಲ್ಲಿದ್ದೆವು. ಅವ್ವನ ಕೈಯಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿಯ ಚೀಲ. ಒಂಬತ್ತು ನಲವತ್ತಾಯಿತು. ಬಸ್ಸಿಲ್ಲ. ನಲವತ್ತೈದಾಯಿತು. ಇನ್ನೊಂದು ಸಲ ಈ ಬಸ್ಸು ಬರದಿದ್ದರೆ ಈ ಜನ್ಮದಲ್ಲಿ ಇವರು ಮಾತಾಡುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು. ಟೆಂಪೋ ಒಂದು ಬಂದು ನಿಂತು, "ಶಿಗ್ಗಾಂವ, ಶಿಗ್ಗಾಂವ" ಎಂದು ಕೂಗಿತು. ನಾನು ಅವ್ವನ ಕಡೆ ನೋಡಿದೆ. ಅವ್ವ ಬೇಡವೆಂದು ತಲೆಯಾಡಿಸಿದಳು. ಟೆಂಪೋ ಹೋಯಿತು.

ಬಸ್ಸು ಒಂಬತ್ತು ಐವತ್ತಕ್ಕೆ ಬಂತು.

ಶಿಗ್ಗಾಂವಿಯ ಸ್ಟ್ಯಾಂಡಿನಲ್ಲಿ ಮಾಮಾ ಕಂಬಕ್ಕೆ ಒರಗಿ, ಬರುವ ಬಸ್ಸುಗಳ ಬೋರ್ಡು ಓದುತ್ತ ನಿಂತಿದ್ದ. ನಮ್ಮ ಬಸ್ಸಿನ ವೇಳೆ ಬರೆಯಲು ಪುಸ್ತಕ, ಪೆನ್ನು ತೆಗೆದವನು, ಇಳಿಯುತ್ತಿದ್ದ ಅವ್ವನನ್ನು ಕಂಡು ಹಾಗೇ ನಿಂತ. ಅವ್ವ ನೆಟ್ಟಗೆ ಹೋಗಿ ಆತನ ಮುಂದೆ ನಿಂತಳು.

"ಅಕ್ಕಾ," ಎಂದ ಮಾಮಾ, "ಬಸ್..."

"ಬಂತು," ಎಂದಳು ಅವ್ವ. "ಹತ್ತು ನಿಮಿಷ ತಡಾ ಬಂತು. ಬರ್ಕೋ."

ಮಾಮಾ ಬರೆದುಕೊಳ್ಳಲು ಹೋದ. ಪುಸ್ತಕ ಕೈಯಲ್ಲೇ ಬಾಗಿ ಅಂಕಿ ಮೂಡಲಿಲ್ಲ. ಅವ್ವ ಚೀಲವನ್ನು ನನ್ನ ಕೈಗೆ ಕೊಟ್ಟು, ಅವನ ಪುಸ್ತಕವನ್ನು ಕೆಳಗಿನಿಂದ ತನ್ನ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು, ಅವನು ಬರೆದು ಮುಗಿಸುವವರೆಗೆ.